ಪೊಟ್ಟಣದ ಮೇಲೆ ಬೆಲೆ ಇದೆ, ಮೂಟೆಯ ಮೇಲೆ ಯಾಕಿಲ್ಲ?



2025ರ ಜನವರಿಯಲ್ಲಿ ನಮ್ಮ ಹೊಲದ ಹನ್ನೆರಡು ಕ್ವಿಂಟಾಲ್ ರಾಗಿಯನ್ನು ಮಳವಳ್ಳಿಯಲ್ಲಿ ಒಬ್ಬ ವ್ಯಾಪಾರಿಗೆ ಹಾಕಿದೆ. ಕ್ವಿಂಟಾಲಿಗೆ 3,500 ರೂಪಾಯಿ. ಆ ಸಾಲಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ್ದ ಬೆಂಬಲ ಬೆಲೆ 4,290 ರೂಪಾಯಿ. "ಹಂಗಾದ್ರೆ ಯಾಕಪ್ಪ ಕಮ್ಮಿಗೆ ಕೊಟ್ಟೆ, ಖರೀದಿ ಕೇಂದ್ರಕ್ಕೆ ಹಾಕಬಾರದಾಗಿತ್ತಾ?" ಅಂತ ನೀವು ಕೇಳ್ತೀರಿ. ಸೊಸೈಟಿ ಸಾಲದ ವಾಯಿದೆ ಮುಗೀತಾ ಬಂದಿತ್ತು. ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ, ತಪ್ಪಿದರೆ ಬಡ್ಡಿ ತಲೆ ಮೇಲೆ ಬಂದು ಕೂರ್ತದೆ. ಕೇಂದ್ರಕ್ಕೆ ಹಾಕಿದ ರಾಗಿಯ ದುಡ್ಡು ಖಾತೆಗೆ ಬರೋವರೆಗೂ ಸಾಲ ಕಾಯೋದಿಲ್ಲ. ವ್ಯಾಪಾರಿ ಕೈ ಮೇಲೆ ಎಣಿಸಿ ಕೊಟ್ಟ. ಒಂದೇ ಸಲಕ್ಕೆ 9,480 ರೂಪಾಯಿ ಕಳ್ಕೊಂಡು ಮನೆಗೆ ಬಂದೆ.

ಅದಾಗಿ ತಿಂಗಳೂ ಆಗಿರಲಿಲ್ಲ. ಒಂದು ರಾತ್ರಿ ಮೊಮ್ಮಗ ಬಟ್ಟಲಲ್ಲಿ ಹಿಟ್ಟು ಕಲಸ್ಕೊಂಡು ತಿಂತಾ ಕೂತಿದ್ದ. ಪಕ್ಕದಲ್ಲಿ ಒಂದು ಬಣ್ಣದ ಪೊಟ್ಟಣ. ಕನ್ನಡಕ ಹಾಕ್ಕೊಂಡು ಓದಿದೆ. ರಾಗಿ ಹುರಿಹಿಟ್ಟು, ಅರ್ಧ ಕೆ.ಜಿ., ಗರಿಷ್ಠ ಮಾರಾಟ ಬೆಲೆ 95 ರೂಪಾಯಿ. ಅಂದ್ರೆ ಕೆ.ಜಿ.ಗೆ 190 ರೂಪಾಯಿ! ನಾನು ಮಾರಿದ್ದು 35ಕ್ಕೆ. ಐದು ಪಟ್ಟಿಗೂ ಮೇಲಾಯ್ತು. ರಾಗಿ ಬೆಳೆದವನ ಮನೆಗೇ ರಾಗಿ ಬಣ್ಣದ ಅಂಗಿ ತೊಟ್ಕೊಂಡು ನೆಂಟನ ಹಾಗೆ ಬಂದು ಕೂತಿದೆ.

ಕೋಪ ಬಂತು. "ಏನವ್ವ, ರಾಗಿ ಬೆಳೆಯೋರ ಮನೇಲಿ ಅಂಗಡಿ ಹಿಟ್ಟಾ?" ಅಂತ ಸೊಸೆ ಮೇಲೆ ರೇಗಿದೆ. ಆಕೆ ಸುಮ್ಮನಿರಲಿಲ್ಲ. "ಮಾವ, ಬೆಳಿಗ್ಗೆ ಆರೂವರೆಗೆ ಗಾರ್ಮೆಂಟ್ಸ್ ಗಾಡಿ ಹತ್ತಿದ್ರೆ ಇಳಿಯೋದು ರಾತ್ರಿ ಏಳಕ್ಕೆ. ರಾಗಿ ನೆನೆಸಿ, ಆರಾಕಿ, ಮರಳಲ್ಲಿ ಹುರಿದು, ಮಿಲ್ಲಿಗೆ ಹೊತ್ಕೊಂಡೋಗೋಕೆ ನಂಗೆ ಹೊತ್ತೆಲ್ಲಿದೆ? ನೀವು ಹುರ್ಕೊಡಿ, ನಾನು ಪೊಟ್ಟಣ ತರೋದು ಬಿಡ್ತೀನಿ" ಅಂದಳು. ನನ್ನ ಬಾಯಿ ಕಟ್ಟಿಹೋಯ್ತು. ಆಕೆ ಗಾರ್ಮೆಂಟ್ಸ್‌ಗೆ ಹೋಗ್ತಾ ಇರೋದಾದರೂ ಯಾಕೆ? ನಾನು ಮಾಡಿದ ಸಾಲ ತೀರ್ಲಿ ಅಂತ ತಾನೆ?

ಪೊಟ್ಟಣದ ಊಟ, ಡಬ್ಬಿ ಊಟದ ಮಾತು ಬಂದಾಗಲೆಲ್ಲ ಅರಳಿಕಟ್ಟೆ ಮೇಲಿನ ಗಂಡಸರದ್ದು ಒಂದೇ ರಾಗ: ಈಗಿನ ಹೆಣ್ಣುಮಕ್ಕಳು ಸೋಮಾರಿಗಳಾದರು ಅಂತ. ಈ ಮಾತನ್ನ ಮೊದಲು ಬಿಡೋಣ. ಬೇಗ ಆಗುವ ಊಟ ನಮಗೆ ಹೊಸದಲ್ಲ. ನಮ್ಮವ್ವ, ಅಜ್ಜಿ ಮಾಡಿಡುತ್ತಿದ್ದ ಹುರಿಹಿಟ್ಟು ಮತ್ತೇನು? ಹೊಲದಿಂದ ಬಂದು ಮಜ್ಜಿಗೆಗೋ ಬೆಲ್ಲದ ನೀರಿಗೋ ಎರಡು ಹಿಡಿ ಹಾಕಿ ಕಲಸಿದರೆ ಹೊಟ್ಟೆ ತುಂಬುತ್ತಿತ್ತು, ಒಲೆ ಹಚ್ಚುವ ಕೆಲಸವೇ ಇರಲಿಲ್ಲ. ಸಂಡಿಗೆ, ಹಪ್ಪಳ, ಉಪ್ಪಿನಕಾಯಿ, ಒಣಗಿಸಿಟ್ಟ ಅವರೆಕಾಳು, ಕುಟ್ಟಿಟ್ಟ ಸಾರಿನ ಪುಡಿ, ಇವೆಲ್ಲ ನಮ್ಮ ಮನೆಗಳ ಡಬ್ಬಿ ಊಟವೇ. ಮದ್ದೂರು ವಡೆ ರೈಲು ನಿಲ್ದಾಣದಲ್ಲಿ ಹೆಸರು ಮಾಡಿದ್ದು ಅವಸರದವರ ಹಸಿವಿನಿಂದಲೇ. ಹಸಿವೂ ಅದೇ, ಅವಸರವೂ ಅದೇ. ಬದಲಾಗಿರೋದು ಒಂದೇ: ಆ ಕೆಲಸವನ್ನು ಈಗ ಯಾರು ಮಾಡ್ತಾರೆ, ಅದರ ದುಡ್ಡು ಯಾರ ಜೇಬಿಗೆ ಇಳೀತದೆ ಅನ್ನೋದು.

ಆಹಾರವನ್ನು ಡಬ್ಬಿಗೆ ತುಂಬುವ ವಿದ್ಯೆ ಹುಟ್ಟಿದ್ದು ಅಡುಗೆಮನೆಯ ಸೋಮಾರಿತನಕ್ಕಲ್ಲ, ದಂಡಿನ ಹಸಿವಿಗೆ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬಾತ ಆಹಾರವನ್ನು ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ಬಿಸಿನೀರಲ್ಲಿ ಕಾಯಿಸಿ, ಕೆಡದಂತೆ ಇಟ್ಟು ತೋರಿಸಿ, 1810ರಲ್ಲಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ತಗೊಂಡ. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಆಯಿತು. ನಮ್ಮಲ್ಲೂ ಈ ವಿದ್ಯೆ ಬೆಳೆದದ್ದು ಸರ್ಕಾರದ ದುಡ್ಡಿನಲ್ಲೇ. ಮೈಸೂರಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾಯಿತು. 1961ರಲ್ಲಿ ಸೈನಿಕರ ಊಟಕ್ಕಾಗಿ ಅಲ್ಲೇ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಬಂತು. ಈಗ ಪೇಟೆಯವರು ಬಿಸಿ ಮಾಡಿ ತಿನ್ನೋ ಸಿದ್ಧ ಊಟದ ಪೊಟ್ಟಣದ ಹಿಂದೆ ಈ ಪ್ರಯೋಗಾಲಯದ ವಿದ್ಯೆ ಇದೆ. ನಮ್ಮ ತೆರಿಗೆಯಿಂದ ನಡೆಯುವ ಸಂಸ್ಥೆಗಳು, ನಮ್ಮ ಮೂರು ತಾಲ್ಲೂಕುಗಳ ಪಕ್ಕದ ಊರು. ಅಲ್ಲಿಂದ ಈ ವಿದ್ಯೆ ಕಂಪನಿಗಳ ಬಾಗಿಲಿಗೆ ಹೋಯಿತು, ನಮ್ಮ ಸೊಸೈಟಿ ಬಾಗಿಲಿಗೆ ಬರಲಿಲ್ಲ.

ಬೆಂಗಳೂರಿನ ಎಂ.ಟಿ.ಆರ್. ಕಥೆಯನ್ನೂ ಕೇಳಿ. 1924ರಲ್ಲಿ ಶುರುವಾದ ಹೋಟೆಲ್ ಅದು. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯ ಬೆಲೆಗೆ ಸರ್ಕಾರ ಮಿತಿ ಹಾಕಿತು. ಆ ಬೆಲೆಗೆ ಅಂಥ ತಿಂಡಿ ಕೊಟ್ಟರೆ ಗಿಟ್ಟೋದಿಲ್ಲ ಅಂತ ಅವರು ಹಿಟ್ಟು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿದರು. ಆ ದಾರಿ ಎಷ್ಟು ದೊಡ್ಡದಾಯಿತು ಅಂದ್ರೆ, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಬಂದು ಆ ಪೊಟ್ಟಣದ ವ್ಯವಹಾರವನ್ನೇ ಕೊಂಡುಕೊಂಡಿತು. ನಾನು ಅವರನ್ನು ದೂರೋದಿಲ್ಲ, ಅವರು ಬುದ್ಧಿವಂತರು. ಹೋಟೆಲಿನವರ ಬೆಲೆ ಕಟ್ಟಿಹಾಕಿದಾಗ ಅವರು ಪೊಟ್ಟಣಕ್ಕೆ ಹೋದರು. ನಮ್ಮ ಬೆಲೆಯನ್ನು ತಲೆಮಾರಿನಿಂದ ಕಟ್ಟಿಹಾಕಿದ್ದಾರೆ. ನಾವು ಎಲ್ಲಿಗೆ ಹೋದೆವು? ಸಾಲಕ್ಕೆ ಹೋದೆವು.

ಈಗ ನನ್ನ ಅಸಲು ಮಾತಿಗೆ ಬರ್ತೀನಿ. ಪೊಟ್ಟಣ ಕಟ್ಟಿದ ಪದಾರ್ಥದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚು ಹಾಕಲೇಬೇಕು ಅಂತ 2011ರ ಕಾನೂನು ಮಾಪನ ನಿಯಮ ಹೇಳ್ತದೆ. ಆ ಬೆಲೆ ಎಷ್ಟು ಅಂತ ಬರೆಯೋನು ತಯಾರು ಮಾಡಿದವನು. ಅವನು ಬಾಡಿಗೆ, ಕೂಲಿ, ಕರೆಂಟು, ಜಾಹೀರಾತು, ಲಾಭ ಎಲ್ಲಾ ಲೆಕ್ಕ ಹಾಕಿ ಬರೀತಾನೆ, ನಾವು ಬಾಯಿ ಮುಚ್ಚಿಕೊಂಡು ಕೊಡ್ತೀವಿ. ನಮ್ಮ ಮೂಟೆ ಮಂಡಿಗೆ ಹೋದರೆ ಬೆಲೆ ಹೇಳೋನು ಯಾರು? ಕೊಳ್ಳೋನು! ಬೀಜ, ಗೊಬ್ಬರ, ಆಳಿನ ಕೂಲಿ, ಮನೆಯವರ ದುಡಿಮೆ, ಸಾಲದ ಬಡ್ಡಿ, ಇದ್ಯಾವುದನ್ನೂ ಅವನು ಕೇಳೋದಿಲ್ಲ. ಹಿಡಿ ರಾಗಿ ತೆಗೆದು ಅಂಗೈ ಮೇಲೆ ಉಜ್ಜಿ, "ಧೂಳು ಜಾಸ್ತಿ" ಅಂತಾನೆ, ಮುಗೀತು.

ಮಂಡ್ಯದ ನಾಲಾ ಬಯಲಿನ ಕಬ್ಬಿನದೂ ಇದೇ ಪಾಡು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದಾಗ ನಮ್ಮ ಹಿರಿಯರು ಭಾಗ್ಯ ಬಂತು ಅಂದುಕೊಂಡರು. 2025-26ರ ಹಂಗಾಮಿಗೆ ಕೇಂದ್ರದವರು ಗೊತ್ತು ಮಾಡಿದ ಕಬ್ಬಿನ ಬೆಲೆ ಟನ್ನಿಗೆ 3,550 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇಕಡಾ 10.25 ಬಂದರೆ. ಆ ಇಳುವರಿ ಲೆಕ್ಕ ಹಾಕೋದು ಕಾರ್ಖಾನೆಯವರೇ. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇಕಡಾ 15 ಬಡ್ಡಿ ಸೇರಿಸಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಬರೆದಿದೆ. ಆ ಬಡ್ಡಿಯ ಮುಖ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ, ಕೈ ಎತ್ತಿ! 2015ರಲ್ಲಿ ಇದೇ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರು ಒಬ್ಬರ ಹಿಂದೆ ಒಬ್ಬರು ಜೀವ ಕಳ್ಕೊಂಡದ್ದನ್ನು ಯಾರೂ ಮರೆಯಬಾರದು. ಆ ಮನೆಗಳಲ್ಲೂ ಚಹಾಕ್ಕೆ ಹಾಕುವ ಸಕ್ಕರೆಯನ್ನು ಅಂಗಡಿಯವನು ಹೇಳಿದ ಬೆಲೆಗೇ ತರಬೇಕಿತ್ತು.

ಮದ್ದೂರಿನ ಎಳನೀರು ಮಾರುಕಟ್ಟೆಯನ್ನೂ ನೋಡಿ. ಅಲ್ಲಿಂದ ಲಾರಿಗಟ್ಟಲೆ ಎಳನೀರು ಪರರಾಜ್ಯಕ್ಕೆ ಹೋಗ್ತದೆ. ಮರ ನಮ್ಮದು, ನೀರು ಹಾಯಿಸಿದ್ದು ನಾವು, ನುಸಿ ರೋಗಕ್ಕೆ ಎದೆ ಒಡ್ಕೊಂಡಿದ್ದು ನಾವು. ಎಳನೀರನ್ನು ತಿಂಗಳುಗಟ್ಟಲೆ ಕೆಡದಂತೆ ಪೊಟ್ಟಣಕ್ಕೂ ಅಲ್ಯುಮಿನಿಯಂ ಡಬ್ಬಿಗೂ ತುಂಬುವ ವಿದ್ಯೆಯನ್ನು ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ ತೆಂಗು ಅಭಿವೃದ್ಧಿ ಮಂಡಳಿ ಜೊತೆ ಸೇರಿ ಎಂದೋ ರೂಢಿಗೆ ತಂದಿದೆ. ಆದರೂ ನಾವು ಇನ್ನೂ ಕಾಯಿ ಎಣಿಸಿ ಕೊಡ್ತಾ ಇದ್ದೀವಿ. ದರ ಬಿದ್ದ ದಿನ ಕಾಯಿ ಮರದಲ್ಲೇ ಬಲಿಯೋಕೆ ಬಿಡ್ತೀವಿ, ಡಬ್ಬಿಗೆ ತುಂಬಿ ಕಾಯೋ ಶಕ್ತಿ ನಮಗಿಲ್ಲ. ಡಬ್ಬಿಯ ನಿಜವಾದ ಬಲ ಇದೇ, ಬಂಧುಗಳೇ. ಅದು ಮಾಲನ್ನು ಕಾಯಿಸ್ತದೆ. ಕಾಯಬಲ್ಲವನು ಬೆಲೆ ಹೇಳ್ತಾನೆ, ಕಾಯಲಾರದವನು ಬೆಲೆ ಕೇಳ್ತಾನೆ.

"ಹಂಗಂದ್ರೆ ಪೊಟ್ಟಣದ ಕಂಪನಿಗಳ ಜೊತೆ ಒಪ್ಪಂದ ಮಾಡ್ಕೊಳಿ" ಅಂತ ಪೇಟೆಯ ಪಂಡಿತರು ಬುದ್ಧಿ ಹೇಳ್ತಾರೆ. 1990ರ ದಶಕದಿಂದ ಕರ್ನಾಟಕದಲ್ಲಿ ಮಿಡಿ ಸೌತೆ ಬೆಳೆ ನಡೀತಿದೆ. ಸೀಸೆ, ಡಬ್ಬಿ, ಪೀಪಾಯಿ ತುಂಬಿ ಹೊರದೇಶಕ್ಕೆ ಹೋಗೋ ಉಪ್ಪಿನಕಾಯಿ ಅದು, ನಮ್ಮ ಎಲೆ ಮೇಲೆ ಬೀಳೋದೇ ಇಲ್ಲ. ಬಿತ್ತೋ ಮುಂಚೆಯೇ ದರ ಬರೆದುಕೊಡ್ತಾರೆ, ಅದೊಂದು ಒಳ್ಳೆಯ ಪದ್ಧತಿ, ಒಪ್ತೀನಿ. ಆದರೆ ಮಿಡಿ ಬೆರಳ ಗಾತ್ರ ಇದ್ದರೆ ಒಂದು ದರ, ಒಂದು ದಿನ ತಡವಾಗಿ ಉಬ್ಬಿದರೆ ಇನ್ನೊಂದು ದರ. ದರ್ಜೆ ಕಟ್ಟೋನು ಕಂಪನಿಯವನೇ. ದರ ಮೊದಲೇ ಬರೆದರೂ ತಕ್ಕಡಿ ಅವನ ಕೈಯಲ್ಲೇ ಇದ್ದರೆ ಏನು ಬಂತು?

ಇನ್ನು ಕೆಲವರು, "ನೀವೇ ಒಂದು ಘಟಕ ಹಾಕಿ, ಸರ್ಕಾರ ಸಹಾಯಧನ ಕೊಡ್ತದೆ" ಅಂತಾರೆ. ಹೌದು, 2020ರಲ್ಲಿ ಕೇಂದ್ರ ಸರ್ಕಾರ ಕಿರು ಆಹಾರ ಉದ್ದಿಮೆಗಳ ಯೋಜನೆ ತಂತು. ಸಾಲದ ಜೊತೆಗೆ ಶೇಕಡಾ 35, ಅಂದರೆ 10 ಲಕ್ಷದವರೆಗೆ ಸಹಾಯಧನ. ನಮ್ಮ ಜಿಲ್ಲೆಗೆ ಅದರಲ್ಲಿ ಬೆಲ್ಲವನ್ನೇ ಆರಿಸಿದರು. ಸಂತೋಷ. ಆದರೆ ಬೆಳೆ ಸಾಲ ತೀರದ ಮನುಷ್ಯನಿಗೆ ಯಂತ್ರದ ಸಾಲ ಕೊಟ್ಟರೆ ಅವನ ಕತ್ತಿಗೆ ಎರಡನೇ ಹಗ್ಗ ಹಾಕಿದ ಹಾಗೆ. ಒಂಟಿ ಆಲೆಮನೆಯವನು ಅಚ್ಚುಬೆಲ್ಲಕ್ಕೆ ಚೀಟಿ ಅಂಟಿಸಿದರೆ ಬೆಂಗಳೂರಿನ ದೊಡ್ಡ ಅಂಗಡಿ ಅವನಿಗೆ ಜಾಗ ಕೊಡ್ತದಾ? ಸಾಲದ್ದಕ್ಕೆ 2022ರ ಜುಲೈ 18ರಿಂದ ಚೀಟಿ ಅಂಟಿಸಿದ ಹಿಟ್ಟು, ಅಕ್ಕಿ, ಬೆಲ್ಲದ ಪೊಟ್ಟಣಕ್ಕೂ ಶೇಕಡಾ 5 ಜಿ.ಎಸ್.ಟಿ. ಹಾಕಿದರು.

ಹಾಗಾದರೆ ದಾರಿ ಯಾವುದು? ದಾರಿ ನಮ್ಮ ಕಣ್ಣ ಮುಂದೆಯೇ ಇದೆ, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹಾಲನ್ನು ನಾವು ಒಬ್ಬೊಬ್ಬರೇ ಚೊಂಬಿನಲ್ಲಿ ಮಾರ್ತಾ ಇದ್ದಾಗ ಹೋಟೆಲಿನವನು ಹೇಳಿದ್ದೇ ದರ. ಊರೂರಿಗೆ ಡೇರಿ ಆಯಿತು, ಜಿಲ್ಲೆಗೆ ಒಕ್ಕೂಟ ಆಯಿತು, ಹಾಲು ಪೊಟ್ಟಣಕ್ಕೆ ಬಿತ್ತು. ಒಕ್ಕೂಟದಲ್ಲಿ ರಾಜಕೀಯ ಇಲ್ಲವೇ? ಇದೆ. ದರದ ಬಗ್ಗೆ ಜಗಳ ಇಲ್ಲವೇ? ಇದೆ. ಆದರೆ ಜಗಳ ಆಡೋಕೆ ನಮಗೊಂದು ಓಟಿದೆ, ಆ ಪೊಟ್ಟಣದಲ್ಲಿ ನಮಗೊಂದು ಪಾಲಿದೆ. 2024ರ ಡಿಸೆಂಬರ್‌ನಲ್ಲಿ ಹಾಲು ಮಹಾಮಂಡಳದವರು ಬೆಂಗಳೂರಲ್ಲಿ ಇಡ್ಲಿ-ದೋಸೆ ಹಿಟ್ಟನ್ನೂ ನಂದಿನಿ ಪೊಟ್ಟಣದಲ್ಲಿ ಮಾರಾಟಕ್ಕೆ ಬಿಟ್ಟರು. 2024ರ ಫೆಬ್ರವರಿಯಲ್ಲಿ ಶಾಲೆ ಮಕ್ಕಳ ಹಾಲಿಗೆ ರಾಗಿ ಮಿಶ್ರಣ ಬೆರೆಸಿ ಕೊಡೋದನ್ನೂ ಸರ್ಕಾರ ಶುರು ಮಾಡಿತು. ರೈತರ ಸಂಸ್ಥೆಯೇ ದಿಢೀರ್ ಊಟದ ವ್ಯವಹಾರಕ್ಕೆ ಇಳಿದ ಮೇಲೆ ನಾವು ಕೇಳಬೇಕಾದದ್ದು ಇಷ್ಟೇ: ಆ ಹಿಟ್ಟಿಗೆ ಅಕ್ಕಿ ಯಾರ ಗದ್ದೆಯದು? ಆ ಮಿಶ್ರಣಕ್ಕೆ ರಾಗಿ ಯಾರ ಕಣದ್ದು?

ಆದ್ದರಿಂದ ನಮ್ಮ ಒತ್ತಾಯಗಳು. ಒಂದು, ಒಕ್ಕೂಟವಾಗಲಿ ಸರ್ಕಾರವಾಗಲಿ ಪೊಟ್ಟಣದ ಊಟಕ್ಕೆ ಕೊಳ್ಳುವ ಭತ್ತ, ರಾಗಿಯನ್ನು ದಲ್ಲಾಳಿಯಿಂದಲ್ಲ, ಬೆಳೆದವರಿಂದ ನೇರವಾಗಿ, ಬೆಂಬಲ ಬೆಲೆಗೆ ಕಮ್ಮಿ ಇಲ್ಲದಂತೆ ಕೊಳ್ಳಲಿ. ಎರಡು, ಹುರಿಹಿಟ್ಟು, ಎಳನೀರು, ಬೆಲ್ಲಕ್ಕೆ ತಾಲ್ಲೂಕಿಗೊಂದು ಘಟಕ ಬೆಳೆಗಾರರ ಸಹಕಾರ ಸಂಘದ ಹೆಸರಲ್ಲಿ ಬರಲಿ, ಒಬ್ಬೊಬ್ಬನ ತಲೆ ಮೇಲೆ ಸಾಲ ಹೊರಿಸೋದು ಬೇಡ. ಮೂರು, ಮೈಸೂರಿನ ಪ್ರಯೋಗಾಲಯಗಳ ವಿದ್ಯೆ ಆ ಸಂಘಗಳಿಗೆ ಶುಲ್ಕವಿಲ್ಲದೆ ಸಿಗಲಿ. ನಾಲ್ಕು, ರಾಗಿಯ ಹಣ ಕೈಗೆ ಬರೋವರೆಗೂ ಸೊಸೈಟಿ ಸಾಲದ ವಾಯಿದೆ ನಿಲ್ಲಲಿ. ನನ್ನನ್ನು ವ್ಯಾಪಾರಿ ಮುಂದೆ ನಿಲ್ಲಿಸಿದ್ದು ಆ ವಾಯಿದೆಯೇ.

ಕೊನೆಯದು ಸರ್ಕಾರಕ್ಕಲ್ಲ, ನಮಗೆ. ಈ ಸುಗ್ಗಿಯಲ್ಲಿ ವರ್ಷದ ಊಟಕ್ಕೆ ಬೇಕಾದ ರಾಗಿ ತೆಗೆದಿಟ್ಟೇ ಉಳಿದದ್ದನ್ನು ಮಾರಿ. ಹುರಿಯೋ ಕೆಲಸ ಹೆಂಗಸರದ್ದು ಅಂತ ಕೈ ಕಟ್ಟಿ ಕೂರಬೇಡಿ. ಹೋದ ಭಾನುವಾರ ನಾನೂ ನನ್ನ ಮಗನೂ ಸೇರಿ ಐದು ಸೇರು ರಾಗಿ ಹುರಿದೆವು. ಮೊದಲ ಬಾಣಲೆ ಸೀದುಹೋಯ್ತು, ಎರಡನೆಯದು ಮಲ್ಲಿಗೆ ಹೂವಿನ ಹಾಗೆ ಅರಳಿತು. ಸೊಸೆ ನಕ್ಕಳು, ಪೊಟ್ಟಣ ತರೋದು ಬಿಟ್ಟಳು. ಮನೆ ಮಟ್ಟಿಗೆ ಇದು ಸಾಕು. ಸಾಲ ತೀರಬೇಕಾದರೆ ಸಾಲದು, ಅದಕ್ಕೆ ಊರೇ ಒಟ್ಟಾಗಿ ಹುರಿಯಬೇಕು, ಊರೇ ಪೊಟ್ಟಣ ಕಟ್ಟಬೇಕು, ಊರೇ ಅದರ ಮೇಲೆ ಬೆಲೆ ಬರೀಬೇಕು.

ಬೆಳೆದವನೇ ಬೆಲೆ ಬರೆಯುವ ದಿನ ಬರಲಿ!