ಉಮ್ಮನ ಕೈ ಮರಗಟ್ಟಿದರೆ

ನಡುರಾತ್ರಿ ಎದ್ದು ಕೂತು ಕೈ ಕೊಡವುವ ಉಮ್ಮಂದಿರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಕೇಳಿದರೆ "ಏನಿಲ್ಲ, ವಾಯು" ಅಂತಾರೆ. ಎಣ್ಣೆ ತಿಕ್ಕಿ ಮಲಗುತ್ತಾರೆ. ಬೆಳಿಗ್ಗೆ ವುಝೂ ಮಾಡುವಾಗ ಚೆಂಬು ಕೈ ಜಾರುತ್ತದೆ. ಸೂಜಿಗೆ ನೂಲು ಪೋಣಿಸಲು ಮೊಮ್ಮಗಳು ಬರಬೇಕು. ವಯಸ್ಸಾಯಿತಲ್ಲ ಎಂದು ನಾವೂ ಸುಮ್ಮನಾಗುತ್ತೇವೆ. ಹೀಗೆ ಸುಮ್ಮನಾಗುವುದೇ ದೊಡ್ಡ ತಪ್ಪು.

ಇದು ವಾಯು ಅಲ್ಲ, ನರದ ತೊಂದರೆ ಇರಬಹುದು. ಡಾಕ್ಟರರು ಇದನ್ನು ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ದಾರಿಯಿದೆ. ಒಂದು ಕಡೆ ಎಲುಬು, ಮೇಲೆ ಗಟ್ಟಿ ಪಟ್ಟಿ. ಅದರಲ್ಲೇ ಒಂಬತ್ತು ಸ್ನಾಯುರಜ್ಜುಗಳು, ಜೊತೆಗೆ ಒಂದು ನರ. ಒಳಗಿನ ಪೊರೆ ಊದಿದರೆ ನರ ಅಮುಕಿ ಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಜೋಮು ಹಿಡಿಯುತ್ತದೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗದು. ಗುರುತು ಹಿಡಿಯಲು ಇದೇ ಸುಲಭದ ದಾರಿ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು, ಅದರಲ್ಲೂ 45ರಿಂದ 60ರ ಪ್ರಾಯದಲ್ಲಿ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ, ಆಗ ಮಣಿಕಟ್ಟಿನೊಳಗಿನ ಪೊರೆಯಲ್ಲೂ ಬದಲಾವಣೆ ಆಗುತ್ತದೆ ಎನ್ನುತ್ತಾರೆ ತಜ್ಞರು. ಶುಗರ್, ಥೈರಾಯ್ಡ್ ಕಾಣಿಸುವುದೂ ಹೆಚ್ಚಾಗಿ ಇದೇ ವಯಸ್ಸಲ್ಲಿ. ಅವೂ ಈ ನರಕ್ಕೆ ಶತ್ರುಗಳೇ.

ಇದರ ಮೇಲೆ ಕೈಕೆಲಸದ ಹೊರೆ. ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. 1981ರಲ್ಲಿ ಅಲ್ಲಿಯ ತಂಬಾಕು ರೈತರು ಬೆಲೆಗಾಗಿ ಬೀದಿಗಿಳಿದದ್ದನ್ನು ರಾಜ್ಯವೇ ನೋಡಿದೆ. ಅದೇ ತಂಬಾಕಿನ ಧೂಳಿನಲ್ಲಿ ಕೂತು ಬೀಡಿ ಕಟ್ಟಿದ ಹೆಂಗಸರ ಕೈನೋವಿಗೆ ಯಾರೂ ಬೀದಿಗಿಳಿಯಲಿಲ್ಲ. ಅಥಣಿಯಲ್ಲಿ ಚಪ್ಪಲಿಯ ಚರ್ಮ ಹೆಣೆಯುವವರೂ, ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವವರೂ ಹೆಂಗಸರೇ. ನಮ್ಮ ಕರಾವಳಿಯಲ್ಲೂ ಅದೇ ಕಥೆ. ಗೆರಸೆ ಮಡಿಲಲ್ಲಿಟ್ಟು ಬೀಡಿ ಸುತ್ತಿ ಮಕ್ಕಳ ಫೀಸು ಕಟ್ಟಿದ, ಮಗಳ ಮದುವೆ ಮಾಡಿದ ಉಮ್ಮಂದಿರು ಎಷ್ಟು ಮಂದಿ! ಲೆಕ್ಕ ಸಾವಿರಕ್ಕೆ ಇಷ್ಟು ಎಂದು. ಬೆರಳು ನಿಂತರೆ ಕೂಲಿಯೂ ನಿಂತಿತು. ಹಾಗಾಗಿಯೇ ಅವರು ನೋವನ್ನು ಮುಚ್ಚಿಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಮೊದಲು ಶುಗರ್, ಥೈರಾಯ್ಡ್ ಪರೀಕ್ಷೆ. ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿ ಮಲಗಿದರೆ ಆರಂಭದಲ್ಲಿ ಅನೇಕರಿಗೆ ಗುಣ ಸಿಗುತ್ತದೆ. ಕೆಲಸದ ನಡುವೆ ಕೈಗೆ ಬಿಡುವು ಬೇಕು. ಅಷ್ಟಕ್ಕೂ ಕಡಿಮೆಯಾಗದಿದ್ದರೆ ಇಂಜೆಕ್ಷನ್ ಇದೆ, ಸಣ್ಣ ಆಪರೇಷನ್ ಇದೆ. ತಡ ಮಾಡಿದರೆ ಹೆಬ್ಬೆರಳ ಬುಡದ ಮಾಂಸ ಸವೆದು ಹೋಗುತ್ತದೆ, ಆಮೇಲೆ ಪೂರ್ತಿ ಮೊದಲಿನಂತಾಗುವುದು ಕಷ್ಟ. ಗುರುತಿನ ಚೀಟಿ ಇರುವ ಬೀಡಿ ಕಾರ್ಮಿಕರಿಗೆಂದೇ ಸರಕಾರಿ ಚಿಕಿತ್ಸಾಲಯಗಳಿವೆ. ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಏನು ಫಲ?

ಹಾಗಂತ ಹಾರ್ಮೋನ್ ಮಾತ್ರೆಯನ್ನು ತಾವೇ ತಂದು ನುಂಗುವುದು ಬೇಡ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಆ ಮಾತ್ರೆ ತಿಂದವರಲ್ಲಿ ಈ ತೊಂದರೆ ಕಡಿಮೆ ಕಂಡದ್ದು ನಿಜ. ಆದರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿದ್ದು ಕಂಡು ಅದರ ಒಂದು ಭಾಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ್ದೂ ನಿಜ. ತೀರ್ಮಾನ ಡಾಕ್ಟರದ್ದೇ ಆಗಿರಲಿ.

ಮುಟ್ಟು ನಿಂತ ವಿಷಯ ಗಂಡಸರ ಮುಂದೆ ಹೇಳಲು ಉಮ್ಮನಿಗೆ ನಾಚಿಕೆ. ಹೇಳುವ ತನಕ ಕಾಯಬೇಕೇ? ಗಂಡ, ಮಗ, ಅಳಿಯ, ಯಾರಾದರೂ ಇವತ್ತೇ ಕೇಳಲಿ: ಕೈ ಹೇಗಿದೆ? ನಮಗೆ ಪತ್ತಿರ್ ತಟ್ಟಿ ಕೊಟ್ಟ ಕೈಯದು.