ಬೂತಾಯಿಗೆ ಕಾನೂನಿನಲ್ಲಿ ಜಾಗವೆಲ್ಲಿ?

ಆಹಾರದ ಕಾನೂನು ಬರೆಯುವವರಿಗೆ ಕಡಲು ಕಾಣುವುದಿಲ್ಲ; ಕಡಲಿನ ಕಾನೂನು ಬರೆಯುವವರಿಗೆ ಹಸಿವು ಕಾಣುವುದಿಲ್ಲ. ಈ ಎರಡು ಕುರುಡುಗಳ ನಡುವೆ ಬರಿದಾಗುತ್ತಿರುವುದು ಕಳಸದ ಕಾಫಿ ತೋಟಗಳ ಲೈನ್ ಮನೆಗಳ ಊಟದ ತಟ್ಟೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಗ್ರಾಮೀಣ ಜನಸಂಖ್ಯೆಯ ಶೇ. 75ರವರೆಗಿನ ಭಾಗಕ್ಕೆ ಅಗ್ಗದ ಧಾನ್ಯದ ಹಕ್ಕನ್ನು ನೀಡಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಪಡಿತರದ ಹಕ್ಕು ಧಾನ್ಯಕ್ಕೇ ನಿಂತಿತು. ಅಕ್ಕಿ ಹೊಟ್ಟೆ ತುಂಬಿಸುತ್ತದೆ. ದಿನವಿಡೀ ಕಾಫಿ ಕೊಯ್ಯುವ ಹೆಂಗಸಿಗೆ, ಬೆಳೆಯುವ ಮಗುವಿಗೆ ಬೇಕಾದ ಸಸಾರಜನಕ, ಕ್ಯಾಲ್ಸಿಯಂ, ಬಿ-12 ಜೀವಸತ್ವಗಳನ್ನು ಅದೊಂದೇ ಪೂರೈಸಲಾರದು. ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಇವೆಲ್ಲವನ್ನೂ ಒಟ್ಟಿಗೆ ಕೊಡುತ್ತದೆ.

ಇನ್ನು ಕಡಲಿನ ಕಡೆ. 2021ರ ಮುಂಗಾರು ಅಧಿವೇಶನದ ಪಟ್ಟಿಯಲ್ಲಿದ್ದ ಭಾರತೀಯ ಸಾಗರ ಮೀನುಗಾರಿಕಾ ಮಸೂದೆ, ಮೀನುಗಾರರ ವಿರೋಧದ ನಡುವೆ, ಆ ಅಧಿವೇಶನದಲ್ಲಿ ಮಂಡನೆಯಾಗಲಿಲ್ಲ. ಅದರ ಕಾಳಜಿಯೆಲ್ಲ ನೋಂದಣಿ, ಪರವಾನಗಿ, ದಂಡಗಳ ಮೇಲೆ. 2025ರ ನವೆಂಬರ್‌ನಲ್ಲಿ ಕೇಂದ್ರವು ಅನನ್ಯ ಆರ್ಥಿಕ ವಲಯದ ಮೀನುಗಾರಿಕೆಗೆ ನಿಯಮಗಳನ್ನು ಹೊರಡಿಸಿತು. ಸಹಕಾರ ಸಂಘಗಳಿಗೆ ಆದ್ಯತೆ, ಎಲ್‌ಇಡಿ ದೀಪದ ಮೀನುಗಾರಿಕೆಗೆ ನಿಷೇಧ ಇವು ಸ್ವಾಗತಾರ್ಹವೇ. ಆದರೆ ಹಿಡಿದ ಮೀನು ಮೊದಲು ಯಾರ ತಟ್ಟೆಗೆ ಸೇರಬೇಕು ಎಂಬ ಪ್ರಶ್ನೆ ಎರಡರ ಕೇಂದ್ರದಲ್ಲೂ ಇಲ್ಲ.

ಪ್ರಶ್ನೆ ಕೇಳದಿದ್ದರೆ ಉತ್ತರವನ್ನು ಮಾರುಕಟ್ಟೆ ಕೊಡುತ್ತದೆ. 2023–24ರಲ್ಲಿ ದೇಶದ ಮೀನು ರಫ್ತು 60,523 ಕೋಟಿ ರೂಪಾಯಿ. ಅದರಲ್ಲಿ ಹೆಪ್ಪುಗಟ್ಟಿಸಿದ ಸೀಗಡಿಯ ಪಾಲೇ ಸುಮಾರು 40,000 ಕೋಟಿ. ಸಾಕಿದ ಸೀಗಡಿಗೆ ಫಿಶ್‌ಮೀಲ್ ಬೇಕು. ಒಂದು ಕಿಲೋ ಫಿಶ್‌ಮೀಲ್‌ಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಕರಾವಳಿಯ ಕಾರ್ಖಾನೆಗಳ ಹೊಟ್ಟೆಗೆ ಬೀಳುವುದರಲ್ಲಿ ಮರಿಮೀನೂ ಇದೆ, ಬಡವರ ಬೂತಾಯಿಯೂ ಇದೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪವಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಕುಸಿತಕ್ಕೆ ಸಮುದ್ರದ ಹವಾಮಾನವೂ ಕಾರಣವಿರಬಹುದು. ಇಂಥ ಏರಿಳಿತವಿರುವ ಮೀನಿನ ಮರಿಗಳನ್ನು ಹುಡಿ ಮಾಡುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ರಫ್ತಿನಿಂದ ಡಾಲರ್ ಬರುತ್ತದೆ ಎನ್ನುವವರು 2025ರ ಆಗಸ್ಟನ್ನು ನೆನೆಯಲಿ. ಅಮೆರಿಕ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಸೀಗಡಿ ಉದ್ಯಮ ತತ್ತರಿಸಿತು. ಊರಿನ ಗಿರಾಕಿಯನ್ನು ಮರೆತ ಉದ್ಯಮಕ್ಕೆ ಪರದೇಶದ ಒಂದು ಸಹಿ ಸಾಕು.

ಮಲೆನಾಡಿಗೆ ತನ್ನದೇ ಮೀನಿತ್ತು. ಮೊದಲ ಮಳೆಗೆ ಗದ್ದೆಯೇರುತ್ತಿದ್ದ ಹತ್ತುಮೀನು, ಹಳ್ಳದ ಏಡಿ, ಭದ್ರೆಯ ಮೀನುಗಳಿಗೆ ಯಾರೂ ರೇಷನ್ ಕಾರ್ಡ್ ಕೇಳುತ್ತಿರಲಿಲ್ಲ. ಗದ್ದೆ ತೋಟವಾಯಿತು, ಹಳ್ಳಕ್ಕೆ ಕೀಟನಾಶಕ ಹರಿಯಿತು, 2005ರ ಅಂತ್ಯದವರೆಗೆ ನಡೆದ ಕುದುರೆಮುಖ ಗಣಿಯ ಹೂಳು ಹೊಳೆಯನ್ನು ಕೆಂಪಾಗಿಸಿತು. ಈಗ ಕಾರ್ಕಳದ ಕಡೆಯಿಂದ ಘಟ್ಟ ಹತ್ತಿ ಬರುವ ಮೀನೇ ಗತಿ. ಜೂನ್, ಜುಲೈಯ 61 ದಿನಗಳ ನಿಷೇಧದಲ್ಲಿ ಅದೂ ವಿರಳ.

ಆದ್ದರಿಂದ ಬರಲಿರುವ ಯಾವುದೇ ಮೀನುಗಾರಿಕಾ ಶಾಸನ ನಾಲ್ಕು ಮಾತುಗಳನ್ನು ಒಳಗೊಳ್ಳಲೇಬೇಕು. ಮನುಷ್ಯರು ತಿನ್ನಬಹುದಾದ ಮೀನನ್ನು ಫಿಶ್‌ಮೀಲ್‌ಗೆ ಸುರಿಯುವುದು ನಿಲ್ಲಲಿ. ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ಕೇರಳ 2015ರಿಂದ ಗೊತ್ತುಪಡಿಸುತ್ತ ಬಂದಿದೆ. ಇಲ್ಲಿಯೂ ದಕ್ಕೆಯಲ್ಲೇ ಅಳತೆ ನಡೆಯಲಿ. ಮಲ್ಪೆ, ಮಂಗಳೂರಿನ ಸಹಕಾರ ಸಂಘಗಳ ಮೂಲಕ ಐಸ್ ಹಾಕಿದ ಮೀನು, ಶುಚಿಯಾಗಿ ಒಣಗಿಸಿದ ಮೀನು ಘಟ್ಟದ ಊರುಗಳಿಗೆ ನ್ಯಾಯಬೆಲೆಯಲ್ಲಿ ಬರಲಿ. ಹಳ್ಳ-ಹೊಳೆಗಳ ಸಂರಕ್ಷಣೆ ಆಹಾರ ಭದ್ರತೆಯ ಭಾಗವೆಂದು ಒಪ್ಪಲಿ.

ಇದರಿಂದ ಕಡಲಿನ ಮೇಲೆ ಹೊರೆ ಹೆಚ್ಚದು; ಈಗಾಗಲೇ ಹಿಡಿದ ಮೀನಿನ ದಿಕ್ಕು ಬದಲಾಗುತ್ತದೆ, ಅಷ್ಟೇ. ಮೀನು ತಿನ್ನದವರನ್ನು ಯಾರೂ ಬಲವಂತಪಡಿಸುವುದಿಲ್ಲ. ಶಾಲೆಯಲ್ಲಿ ಮೊಟ್ಟೆ ಒಲ್ಲದ ಮಗುವಿಗೆ ಬಾಳೆಹಣ್ಣು ಕೊಡಲಾಗುತ್ತಿಲ್ಲವೇ? ಹಣವೆಲ್ಲಿ ಎಂದು ಕೇಳುವವರಿಗೆ, ಯಾಂತ್ರೀಕೃತ ದೋಣಿಗಳಿಗೆ ಕರರಹಿತ ಡೀಸೆಲ್ ಕೊಡುತ್ತಿರುವುದು ಸಾರ್ವಜನಿಕ ಬೊಕ್ಕಸವೇ ಎಂಬುದನ್ನು ನೆನಪಿಸಬೇಕು. ಆ ಬೊಕ್ಕಸಕ್ಕೆ ತೋಟದ ಕೂಲಿಯೂ ತೆರಿಗೆ ಕಟ್ಟುತ್ತಾನೆ, ಪ್ರತಿ ಬೆಂಕಿಪೊಟ್ಟಣದಲ್ಲಿ. ಅವನ ಪಾಲಿನ ಮೀನನ್ನು ಪರದೇಶದ ಸೀಗಡಿ ತಟ್ಟೆಗಾಗಿ ಹುಡಿ ಮಾಡುವ ಅಧಿಕಾರವನ್ನು ಯಾವ ಶಾಸನಸಭೆಯೂ ಯಾರಿಗೂ ಕೊಟ್ಟಿಲ್ಲ.