ಮೊದಲು ಸಂಬಳ ಕೊಡಿ, ಆಮೇಲೆ ಸೇವೆಯ ಮಾತಾಡಿ

ನಂಜನಗೂಡು, ತಿರುಮಕೂಡಲು ನರಸೀಪುರಗಳ ಆಸ್ಪತ್ರೆಗಳಲ್ಲಿ ದಾದಿಯರು ನಿಲ್ಲುವುದಿಲ್ಲವೆಂದೂ, ಓದು ಮುಗಿದೊಡನೆ ಬೆಂಗಳೂರಿಗೋ ಗಲ್ಫಿಗೋ ಓಡಿಹೋಗುತ್ತಾರೆಂದೂ, ಈ ಕಾಲದ ಹುಡುಗಿಯರಲ್ಲಿ ಸೇವಾಮನೋಭಾವವೆಂಬುದೇ ಅಳಿದುಹೋಯಿತೆಂದೂ ವಿಲಪಿಸುವವರ ಸಂಖ್ಯೆ ದಿನೇ ದಿನೇ ವೃದ್ಧಿಸುತ್ತಿದೆ. ದಾದಿಯರ ದಿನವಾದ ಮೇ 12ರಂದು ನೈಟಿಂಗೇಲಳ ಭಾವಚಿತ್ರಕ್ಕೆ ಹಾರ ಹಾಕಿ ದೀಪ ಬೆಳಗಿಸುವ ಗಣ್ಯರು ಈ ಮಾತನ್ನಾಡುತ್ತಾರೆ. ನರ್ಸಿಂಗ್ ಹೋಮುಗಳ ಮಾಲೀಕರಂತೂ ಇದನ್ನು ನಿತ್ಯ ಪಾರಾಯಣ ಮಾಡುತ್ತಾರೆ. ಇದು ಸುಳ್ಳು. ಕೊಡತಕ್ಕ ಹಣವನ್ನು ಕೊಡದವರು ತಮ್ಮ ಅಪರಾಧವನ್ನು ದುಡಿದವಳ ತಲೆಗೇ ಕಟ್ಟುವ ನೀಚ ಅಪವಾದ.

2016ರ ಜನವರಿ 29ರಂದು ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಯನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಬೇಕೆಂದು ಆಜ್ಞಾಪಿಸಿತು. ಆ ಸಮಿತಿ 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಸರ್ಕಾರಿ ದಾದಿಯ ಸಮಾನ ವೇತನವನ್ನೂ, 50ಕ್ಕಿಂತ ಕಡಿಮೆ ಹಾಸಿಗೆಗಳ ಸಣ್ಣ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಇಳಿಯದ ವೇತನವನ್ನೂ ಕೊಡಬೇಕೆಂದು ಹೇಳಿತು. ನಮ್ಮ ತಾಲ್ಲೂಕು ಕೇಂದ್ರಗಳ ನರ್ಸಿಂಗ್ ಹೋಮುಗಳು ಬಹುಮಟ್ಟಿಗೆ ಈ ಕಡೆಯ ವರ್ಗಕ್ಕೆ ಸೇರಿದವು. ಸೇವಾಮನೋಭಾವದ ಉಪದೇಶಕರೆಲ್ಲರಿಗೂ ನನ್ನದು ಒಂದೇ ಪ್ರಶ್ನೆ: ಆ 20,000 ಎಲ್ಲಿ? ಬಡ ರೈತನೊಬ್ಬ ಸಾಲ ಮಾಡಿ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿಸಿದ ಮಗಳಿಗೆ, ಕೆಲಸಕ್ಕೆ ಸೇರಿದ ದಿನವೇ ಅವಳ ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರು, ಬೆಲೆಗಳೆಲ್ಲ ಏರಿರುವ ಈ ದಿನ, ಅಂದಿನ ಆ ಕನಿಷ್ಠವನ್ನಾದರೂ ಕೊಡುತ್ತಿದ್ದಾರೆಯೆ?

ನಂಜನಗೂಡಿನಿಂದ ಹೊರಟು, ಗುಂಡ್ಲುಪೇಟೆಯನ್ನು ದಾಟಿ, ಬಂಡೀಪುರದ ಕಾಡನ್ನು ಕಳೆದರೆ ಸಿಕ್ಕುವ ಕೇರಳದಲ್ಲಿ, ದಾದಿಯರು ಚೇರ್ತಲೆಯಿಂದ ತಿರುವನಂತಪುರಕ್ಕೆ ಪಾದಯಾತ್ರೆ ಹೊರಡಲು ಸನ್ನದ್ಧರಾದಾಗ, 2018ರ ಏಪ್ರಿಲಿನಲ್ಲಿ ಸರ್ಕಾರ 20,000ದ ಕನಿಷ್ಠ ವೇತನವನ್ನು ಅಧಿಸೂಚನೆಯ ಮೂಲಕ ಸಾರಿತು. ಒಂದೇ ಹೆದ್ದಾರಿಯ ಆ ತುದಿಯಲ್ಲಿ ಸಾಧ್ಯವಾದದ್ದು ಈ ತುದಿಯಲ್ಲಿ ಏಕೆ ಅಸಾಧ್ಯ?

ಖಾಸಗಿಯವರನ್ನು ಮಾತ್ರ ದೂರಿ ಸರ್ಕಾರವನ್ನು ಬಿಡುವುದು ಅನ್ಯಾಯವಾದೀತು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಗುತ್ತಿಗೆಯ ಮೇಲೆ ಸೇರಿದ ಸ್ಟಾಫ್ ನರ್ಸು, ಪಕ್ಕದ ಮೇಜಿನ ಖಾಯಂ ನರ್ಸು ಮಾಡುವ ಕೆಲಸವನ್ನೇ ಮಾಡುತ್ತ, ಅವಳಿಗಿಂತ ಎಷ್ಟೋ ಕಡಿಮೆ ಸಂಬಳಕ್ಕೆ, ವರ್ಷವರ್ಷವೂ ನವೀಕರಣವಾದೀತೋ ಇಲ್ಲವೋ ಎಂಬ ಭಯದಲ್ಲಿ ತಲೆ ನರೆಸಿಕೊಂಡಿದ್ದಾಳೆ. ಖಾಯಂ ಮಾಡಿರೆಂದರೆ, ತಾತ್ಕಾಲಿಕ ನೌಕರರಿಗೆ ಖಾಯಮಾತಿಯ ಹಕ್ಕಿಲ್ಲವೆಂದ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪನ್ನು ತೋರಿಸುತ್ತಾರೆ. ಆ ತೀರ್ಪನ್ನು ದೀರ್ಘಕಾಲದ ನೌಕರರ ಶೋಷಣೆಗೆ ಆಯುಧವಾಗಿಸಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಿದ್ದನ್ನು ತೋರಿಸುವವರಿಲ್ಲ.

ಸೇವಾಮನೋಭಾವವಿಲ್ಲವೆನ್ನುವವರು ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯನ್ನು ಒಮ್ಮೆ ಕಣ್ಣಾರೆ ಕಾಣಲಿ. ಹೆರಿಗೆಯ ಕೋಣೆಯಲ್ಲಿ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತ ನೋವಿನ ಅಂತರವನ್ನು ಅಳೆದು, ಮಗುವಿನ ಎದೆಬಡಿತವನ್ನು ಪಾರ್ಟೋಗ್ರಾಫಿನಲ್ಲಿ ಗುರುತು ಹಾಕುತ್ತಿರುವ ಸಿಸ್ಟರು, ಗದ್ದೆಯಲ್ಲಿ ಹಾವು ಕಚ್ಚಿದವನನ್ನು ಹೊತ್ತು ತಂದವರ ಕೂಗಿಗೆ ಹೊರಗೋಡಿಬಂದು, ಅವನ ರಕ್ತವನ್ನು ಗಾಜಿನ ನಳಿಗೆಗೆ ತುಂಬಿ, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೋ ಇಲ್ಲವೋ ಎಂದು ವಾಲಿಸಿ ನೋಡುವಷ್ಟರಲ್ಲಿ, ವಾರ್ಡಿನಿಂದ ಡ್ರಿಪ್ ಮುಗಿಯಿತೆಂಬ ಕರೆ ಬರುತ್ತದೆ. ಬೆಳಿಗ್ಗೆ ಪಾಳಿ ಮುಗಿಸಿ ಅವಳು ಮೈಸೂರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುತ್ತಾಳೆ. ಅವಳಿಗೆ ಊರಿನಲ್ಲಿ ಒಂದು ವಸತಿಗೃಹವನ್ನು ಕಟ್ಟಿಸಬೇಕೆಂದು ಯಾರಿಗೂ ತೋಚಿಲ್ಲ.

ಕಟ್ಟಿಸುವುದಕ್ಕೆ ನಮ್ಮಲ್ಲಿ ಹಣವಿಲ್ಲವೆ? ಜಾತಿಗೊಂದು ಸಮುದಾಯ ಭವನಕ್ಕೆ ಹಣವಿದೆ, ಊರ ಬಾಗಿಲಿಗೆ ಕಮಾನು ನಿಲ್ಲಿಸಲು ಹಣವಿದೆ, 1989ರಿಂದ ಮೂರು ವರ್ಷಕ್ಕೊಮ್ಮೆ ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನಡೆಸಲು ಹಣವಿದೆ. ಮೇಳವಾಗಲಿ, ನನಗೆ ಆಕ್ಷೇಪವಿಲ್ಲ. ಆದರೆ ಈ ಎರಡೂ ತಾಲ್ಲೂಕುಗಳ ಹಳ್ಳಿಗಳನ್ನು ಒಳಗೊಂಡ ವರುಣಾ ಕ್ಷೇತ್ರ ನಾಡಿಗೆ 2013ರಲ್ಲಿಯೂ 2023ರಲ್ಲಿಯೂ ಮುಖ್ಯಮಂತ್ರಿಯನ್ನು ಕೊಟ್ಟಿದೆ. ಅಧಿಕಾರವೇ ಮನೆಬಾಗಿಲಿಗೆ ಬಂದಾಗಲೂ ದಾದಿಯ ಗುತ್ತಿಗೆ ಗುತ್ತಿಗೆಯಾಗಿಯೇ ಉಳಿಯಿತೆಂದರೆ, ಇನ್ನಾವ ಪುಣ್ಯಕಾಲಕ್ಕಾಗಿ ಕಾಯಬೇಕು?

2020ರ ಮಾರ್ಚಿನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರಲ್ಲಿ ಕೊರೊನಾ ಹರಡಿ, ಊರಿನ ಹೆಸರು ಹೇಳಿದರೆ ನಾಡೇ ಬೆಚ್ಚುತ್ತಿದ್ದಾಗ, ಮನೆಮನೆಯ ಬಾಗಿಲು ತಟ್ಟಿದವರು ಇದೇ ಆರೋಗ್ಯ ಸಿಬ್ಬಂದಿ. ಅದೇ ವರ್ಷದ ಆಗಸ್ಟಿನಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಯನ್ನೇ ಆ ಊರು ಕಳೆದುಕೊಂಡಿತು. ಆ ವರ್ಷ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರುಗಳಿಂದ ಹೂಮಳೆ ಸುರಿಸಿದರು. ಮೂರು ವರ್ಷ ತುಂಬುವ ಮೊದಲೇ, 2023ರ ಫೆಬ್ರುವರಿಯಲ್ಲಿ, ಗುತ್ತಿಗೆ ನೌಕರರು ಸೇವಾಭದ್ರತೆಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು.

ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯ ಮೇರೆಗೆ ನರ್ಸಿಂಗ್ ಹೋಮುಗಳು ರೋಗಿಯಿಂದ ಪಡೆಯುವ ದರಗಳನ್ನು ಗೋಡೆಯ ಮೇಲೆ ಪ್ರಕಟಿಸತಕ್ಕದ್ದು. ಅದೇ ಗೋಡೆಯ ಮೇಲೆ, ಅದೇ ಅಳತೆಯ ಅಕ್ಷರಗಳಲ್ಲಿ, ದಾದಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆಂಬುದೂ ಬರೆಯಲ್ಪಡಲಿ. 20,000ಕ್ಕೆ ಕಡಿಮೆಯಿದ್ದಲ್ಲಿ ನೋಂದಣಿಯನ್ನು ನವೀಕರಿಸುವುದಿಲ್ಲವೆಂಬ ನಿಯಮವನ್ನು ಸರ್ಕಾರ ಆ ಕಾಯಿದೆಗೆ ಸೇರಿಸಲಿ, ಜಿಲ್ಲಾಧಿಕಾರಿಗಳು ಅದನ್ನು ನಂಜನಗೂಡು, ನರಸೀಪುರಗಳಿಂದಲೇ ಜಾರಿಗೆ ತರಲಿ.